ಒದ್ದೆ ಮರಳಿನ ಅಳತೆ

ವ್ಯಾಯಾಮ ಯಂತ್ರಗಳ ಅಂಗಡಿಯ ಲಕ್ಷ್ಮೀಪ್ರಸನ್ನ ಕೇಳಿದ ಮೊದಲ ಪ್ರಶ್ನೆಗಳಿಗೆಲ್ಲ ರಘುನಂದನನ ಬಳಿ ಉತ್ತರ ಸಿದ್ಧವಾಗಿತ್ತು. ಟ್ರೆಡ್‌ಮಿಲ್ ಯಾರಿಗೆ? ಹೆಂಡತಿಗೆ. ತೂಕ? ಅರವತ್ತರ ಆಸುಪಾಸು. ಮನೆ? ವಿಶಾಖಪಟ್ಟಣದಲ್ಲಿ, ಮೂರನೆಯ ಮಹಡಿ, ಲಿಫ್ಟ್ ಇದೆ. ಅನಂತರ ಅವಳು, ಮೇಡಂ ಓಡುವಾಗ ಹೆಜ್ಜೆ ಎಷ್ಟು ಉದ್ದ ಬೀಳುತ್ತದೆ ಎಂದು ಕೇಳಿದಳು. ಅವನು ಕೈಯಲ್ಲಿದ್ದ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದ.

ವಿಜಯವಾಡದ ಬಂದರ್ ರೋಡಿನ ಆ ಅಂಗಡಿ ಬ್ಯಾಂಕಿನಿಂದ ಅವನ ಬಾಡಿಗೆ ಕೋಣೆಗೆ ಹೋಗುವ ದಾರಿಯಲ್ಲೇ ಇತ್ತು. ಈ ಮೊದಲು ಎರಡು ಸಲ ಬಂದಾಗ ಅವನು ಮೋಟಾರಿನ ವಿಷಯ ಮುಗಿಸಿದ್ದ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಹಾಕಿರುವ ಹಾರ್ಸ್‌ಪವರ್ ಆ ಮೋಟಾರು ಒಂದು ಗಳಿಗೆ ಮಾತ್ರ ಕೊಡಬಲ್ಲ ಗರಿಷ್ಠ ಶಕ್ತಿ. ಬಿಸಿಯಾಗದೆ ಗಂಟೆಗಟ್ಟಲೆ ಕೊಡುವ ಶಕ್ತಿ ಅದರ ಅರ್ಧದಷ್ಟೂ ಇರದಿರಬಹುದು, ಅದನ್ನು ಸಣ್ಣಕ್ಷರದಲ್ಲಿ ಹಿಂದುಗಡೆ ಹಾಕಿರುತ್ತಾರೆ. ಮೈಸೂರಿನಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಆಮೇಲೆ ಬ್ಯಾಂಕಿನ ಸಾಲ ವಿಭಾಗದಲ್ಲಿ ಹದಿನೈದು ವರ್ಷ ಕಳೆದವನಿಗೆ ಯಾವುದನ್ನಾದರೂ ಹಿಂದುಗಡೆಯಿಂದಲೇ ಓದಿ ಅಭ್ಯಾಸ. ನಿರಂತರ ಶಕ್ತಿ ಹೆಚ್ಚಿರುವ ದುಬಾರಿ ಮಾಡೆಲ್‌ಗಳೇ ಬೇಕೆಂದು ಅವನು ಆಗಲೇ ತೀರ್ಮಾನಿಸಿದ್ದ. ಉಪ್ಪುಗಾಳಿಗೆ ತುಕ್ಕು ಹಿಡಿಯದ ಚೌಕಟ್ಟು, ಕೆಳಗಿನ ಮನೆಯವರಿಗೆ ಕೇಳಿಸದ ಮೋಟಾರು, ಮಂಡಿಗೆ ಪೆಟ್ಟಾಗದ ಹಲಗೆ, ಎಲ್ಲವನ್ನೂ ಹೋಲಿಸಿ ನೋಡಿದ್ದ. ಉಳಿದದ್ದು ಬೆಲ್ಟಿನ ಉದ್ದ ಒಂದೇ.

ಮೇಡಂ ಅವರನ್ನೇ ಕರೆತನ್ನಿ, ಇಲ್ಲೇ ಎರಡು ನಿಮಿಷ ಓಡಲಿ ಎಂದಳು ಲಕ್ಷ್ಮೀಪ್ರಸನ್ನ. ಅವಳಿಗೆ ಹೇಳದೆ ಕೊಡಬೇಕೆಂದಿದ್ದೇನೆ ಎಂದು ಅವನು ತನ್ನ ಬ್ಯಾಂಕಿನ ತೆಲುಗಿನಲ್ಲಿ ಹೇಳಿದ. ಲಕ್ಷ್ಮೀಪ್ರಸನ್ನಳಿಗೆ ಅದು ಬಹಳ ಹಿಡಿಸಿತು. ಆದರೆ ಸುಮ್ಮನೆ ಬಿಡಲಿಲ್ಲ. ಮನೆಗೆ ಒಯ್ಯುವ ಹೆಂಗಸರಲ್ಲಿ ಹೆಚ್ಚಿನವರು ನಡೆಯುತ್ತಾರೆ, ಅವರಿಗೆ ಗಿಡ್ಡ ಬೆಲ್ಟು ಸಾಕು. ನಿಜವಾಗಿ ಓಡುವವರಿಗೆ ಗಿಡ್ಡ ಬೆಲ್ಟು ಕೊಟ್ಟರೆ ಹಿಂಗಾಲು ತುದಿಯ ಉರುಳೆಗೆ ತಾಗುತ್ತದೆ. ಒಮ್ಮೆ ತಾಗಿದರೆ ಭಯ ಹೊಕ್ಕುಬಿಡುತ್ತದೆ.

“ಆಮೇಲೆ ಒಂದೇ ತಿಂಗಳು, ಸಾರ್. ಅದರ ಮೇಲೆ ಸೀರೆ ಒಣಗುತ್ತಿರುತ್ತೆ,” ಎಂದಳು.

ಬರುವ ವಾರ ತಿಳಿಸುತ್ತೇನೆಂದು ಹೇಳಿ ಅವನು ಹೊರಬಂದ. ರಸ್ತೆಯ ಸೆಕೆ ಮುಖಕ್ಕೆ ಬಡಿಯಿತು. ಹೆಂಡತಿ ಎಷ್ಟು ಉದ್ದದ ಹೆಜ್ಜೆ ಇಡುತ್ತಾಳೆಂದು ಅವನಿಗೆ ಗೊತ್ತಿರಲಿಲ್ಲ. ಅವಳು ಓಡುವುದನ್ನು ಅವನು ನೋಡಿಯೇ ಇರಲಿಲ್ಲ. ನೋಡಿದ್ದವನು ನಿಶಾಂತ್.

ರಘುನಂದನನಿಗೆ ವಿಜಯವಾಡಕ್ಕೆ ವರ್ಗವಾಗಿ ಒಂದು ವರ್ಷ ತುಂಬುತ್ತ ಬಂದಿತ್ತು. ಹೆಂಡತಿ ವರ್ಷಾ ವಿಶಾಖಪಟ್ಟಣದ ಹತ್ತಿರದ ಅಚ್ಯುತಾಪುರಂನ ಒಂದು ಔಷಧ ಕಾರ್ಖಾನೆಯ ಗುಣಮಟ್ಟದ ಲ್ಯಾಬಿನಲ್ಲಿ ಕೆಲಸದಲ್ಲಿದ್ದಳು. ಮಗಳು ಸಾಹಿತ್ಯ ಐದನೆಯ ತರಗತಿ. ಅವರಿಬ್ಬರನ್ನೂ ಎಬ್ಬಿಸಿ ತರುವುದು ಬೇಡವೆಂದು ಅವನೊಬ್ಬನೇ ಬಂದು, ಬ್ಯಾಂಕಿಗೆ ರಜೆಯಿರುವ ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳಿಗೆ ವಿಶಾಖಪಟ್ಟಣಕ್ಕೆ ಹೋಗಿಬರುತ್ತಿದ್ದ. ಅವನಿಲ್ಲದ ಈ ಒಂದು ವರ್ಷದಲ್ಲಿ ವರ್ಷಾ ಬೆಳಗಿನ ಹೊತ್ತು, ಕಾರ್ಖಾನೆಯ ಬಸ್ಸು ಬರುವ ಮುನ್ನ, ಆರ್.ಕೆ. ಬೀಚಿನಲ್ಲಿ ಓಡಲು ಶುರುಮಾಡಿದ್ದಳು. ಕಾಲೇಜಿನಲ್ಲಿದ್ದಾಗ ಓಡುತ್ತಿದ್ದಳೆಂದು ಅವನಿಗೆ ಗೊತ್ತಿತ್ತು, ಅವಳ ರಕ್ತದ ಗುಂಪು ಗೊತ್ತಿದ್ದ ಹಾಗೆ.

ನಿಶಾಂತ್ ಸಿಕ್ಕಿದ್ದು ಕನ್ನಡ ಸಂಘದ ಯುಗಾದಿ ಊಟದಲ್ಲಿ. ನೇವಿಯಲ್ಲಿ ಎಂಜಿನಿಯರು, ಗದಗಿನ ಕಡೆಯವನು, ವರ್ಷಾಗಿಂತ ಏಳೆಂಟು ವರ್ಷ ಚಿಕ್ಕವನು. ಅವಳು ಧಾರವಾಡದವಳೆಂದು ತಿಳಿದದ್ದೇ ತಡ ಎಲೆ ಮುಂದಿನ ಮಾತೆಲ್ಲ ಅವಳ ಜೊತೆಗೇ ಆಯಿತು. ಬೀಚಿನಲ್ಲಿ ಅವನೂ ಓಡುತ್ತಾನೆಂದು ಗೊತ್ತಾಯಿತು. ಅವನ ಹೆಂಡತಿ ನಮ್ರತಾಗೆ ಓಟ ಗೀಟ ಆಗದು. ಅವಳು ಜೋಳದ ರೊಟ್ಟಿ ಬಡಿದು, ಶೇಂಗಾ ಚಟ್ನಿಪುಡಿಯ ಜೊತೆ ಡಬ್ಬಿಯಲ್ಲಿ ಹಾಕಿ ಗಂಡನ ಕೈಯಲ್ಲಿ ಕೊಟ್ಟುಕಳಿಸುತ್ತಿದ್ದಳು. ಆ ಡಬ್ಬಿ ರಘುನಂದನನ ಮನೆಯ ಫ್ರಿಜ್ಜಿನ ಮೇಲೆ ಒಂದು ಖಾಯಂ ವಸ್ತುವಾಯಿತು. ಖಾಲಿಯಾಗಿ ಹೋಗುತ್ತಿತ್ತು, ತುಂಬಿ ಬರುತ್ತಿತ್ತು.

ನಿಶಾಂತ್ ವರ್ಷಾಳನ್ನು ಅಕ್ಕಾ ಎನ್ನುತ್ತಿದ್ದ, ರಘುನಂದನನನ್ನು ಸರ್ ಎನ್ನುತ್ತಿದ್ದ. ಸಂಶಯಪಡುವಂಥದ್ದು ಏನೂ ಇರಲಿಲ್ಲ. ಅದೇ ತೊಂದರೆಯಾಗಿತ್ತು. ಸಂಶಯವಿದ್ದಿದ್ದರೆ ಕೇಳಬಹುದಿತ್ತು, ಜಗಳವಾಡಬಹುದಿತ್ತು. ಹೊಟ್ಟೆಕಿಚ್ಚು ಬೇರೆಯೇ. ಅದಕ್ಕೆ ಕೇಳಲು ಪ್ರಶ್ನೆಯೇ ಇರುವುದಿಲ್ಲ.

ಕಿಚ್ಚು ಹೊತ್ತಿದ್ದು ಒಂದು ಫೋನ್ ಕರೆಯಿಂದ. ಒಂದು ಶನಿವಾರ ಸಂಜೆ ರಘುನಂದನ ಹಾಲ್‌ನಲ್ಲಿ ಕೂತಿದ್ದಾಗ ವರ್ಷಾ ಅಡುಗೆಮನೆಯಲ್ಲಿ ಫೋನನ್ನು ಸ್ಪೀಕರಿಗೆ ಹಾಕಿ ಹಿಟ್ಟು ನಾದುತ್ತಿದ್ದಳು.

“ಅಕ್ಕಾ, ಸೋಮವಾರ ಬರ್ತೀರೋ ಇಲ್ಲೋ? ಮೊನ್ನಿ ಹಂಗ ಕೈ ಕೊಡಬ್ಯಾಡ್ರಿ ಮತ್ತ.”

“ಏ, ಬರ್ತೀನೋ ಮಾರಾಯಾ. ದಿನಾ ತಡಾ ಮಾಡಿ ಬರಾಂವ ನೀನ, ನನಗ ಹೇಳ್ತಿ?”

ಆಮೇಲೆ ಅವಳು ನಕ್ಕಳು. ಗಂಟಲಿನ ಬುಡದಿಂದ ಬಂದ ನಗೆ. ರಘುನಂದನ ಟಿ.ವಿ.ಯ ಸದ್ದು ಕಡಿಮೆ ಮಾಡಿದ. ಹನ್ನೆರಡು ವರ್ಷದ ಸಂಸಾರದಲ್ಲಿ ಆ ದನಿಯನ್ನು ಅವನು ಕೇಳಿದ್ದು ಅವಳು ತಾಯಿ ಇಂದಿರಮ್ಮನಿಗೆ ಫೋನ್ ಮಾಡಿದಾಗ ಮಾತ್ರ, ಅದೂ ಬಾಗಿಲು ಮುಚ್ಚಿಕೊಂಡ ಕೋಣೆಯ ಈಚೆಯಿಂದ. ಅವನ ಜೊತೆ ಅವಳು ಮೈಸೂರಿನ ಕನ್ನಡ ಆಡುತ್ತಿದ್ದಳು. ತಪ್ಪಿಲ್ಲದೆ, ಮೃದುವಾಗಿ. ಮದುವೆಯಾದ ಹೊಸತರಲ್ಲಿ ಅವಳ ಮಾತಿಗೆ ಮನೆಯಲ್ಲಿ ಎಲ್ಲರೂ ನಕ್ಕಿದ್ದರು, ಅವನೂ ಸೇರಿ, ಪ್ರೀತಿಯಿಂದಲೇ. ಆಮೇಲೆ ಅವಳು ಬದಲಾಯಿಸಿಕೊಂಡಳು. ಅದು ಅಷ್ಟು ಸಲೀಸಾಗಿ ನಡೆದಿತ್ತೆಂದರೆ ಅವನಿಗೆ ಅದು ಬದಲಾವಣೆಯೆಂದೇ ಅನ್ನಿಸಿರಲಿಲ್ಲ. ಮಗಳಿಗಂತೂ ತೆಲುಗೇ ಮೊದಲ ಮಾತಾಗಿ, ಅವನನ್ನು ನಾನ್ನಾ ಎಂದು ಕರೆಯುತ್ತಿದ್ದಳು. ಈಗ ಅಡುಗೆಮನೆಯಲ್ಲಿ ನಗುತ್ತಿರುವ ಹೆಂಗಸು ಯಾರೆಂದು ಅವನು ಯೋಚಿಸಿದ. ಅವಳು ಅಲ್ಲಿಂದ ಹೊರಗೆ ಬಂದಾಗ, “ಚಪಾತಿ ಸಾಕಾ, ಅನ್ನಾನೂ ಮಾಡ್ಲಾ?” ಎಂದು ಕೇಳಿದಳು.

ವಿಜಯವಾಡಕ್ಕೆ ಮರಳುವ ರೈಲಿನಲ್ಲಿ ಅವನು ಟ್ರೆಡ್‌ಮಿಲ್ ಕೊಡಿಸುವ ನಿರ್ಧಾರ ಮಾಡಿದ. ತನಗೆ ತಾನೇ ಕೊಟ್ಟುಕೊಂಡ ಕಾರಣಗಳು ಅಚ್ಚುಕಟ್ಟಾಗಿದ್ದವು. ಬೆಳಕು ಹರಿಯುವ ಮುನ್ನ ಹೆಂಗಸೊಬ್ಬಳು ಮನೆಯಿಂದ ಹೊರಡುವುದು, ಮಗಳು ಒಬ್ಬಳೇ ಮಲಗಿರುವುದು, ರಸ್ತೆಯ ಮೇಲಿನ ಓಟದಿಂದ ಮಂಡಿ ಸವೆಯುವುದು. ಒಂದೊಂದೂ ನಿಜ. ನಿಜವಾದ ಕಾರಣವನ್ನು ಅವನು ಹಿಂದುಗಡೆ, ಸಣ್ಣಕ್ಷರದಲ್ಲಿ ಇಟ್ಟುಕೊಂಡ. ಮೋಟಾರಿನ ಪಾಠ ಕಲಿತ ಮೇಲೆ ಒಂದು ಸಮಾಧಾನವೂ ಸಿಕ್ಕಿತ್ತು. ನಿಶಾಂತ್ ಎಂದರೆ ಬೆಳಗಿನ ಒಂದು ಗಳಿಗೆಯ ಗರಿಷ್ಠ ಶಕ್ತಿ. ಹನ್ನೆರಡು ವರ್ಷ ಬಿಸಿಯಾಗದೆ ತಿರುಗಿದವನು ತಾನು. ಕೋಣೆಯ ಫ್ಯಾನಿನ ಕೆಳಗೆ ಮಲಗಿ ಈ ಹೋಲಿಕೆಯನ್ನು ಅವನು ಹಲವು ಸಲ ಮಾಡಿಕೊಂಡ. ಬಿಸಿಯಾಗದೆ ಎಂಬ ಮಾತು ಪ್ರತಿ ಸಲವೂ ಸ್ವಲ್ಪ ಚುಚ್ಚುತ್ತಿತ್ತು.

ಲಕ್ಷ್ಮೀಪ್ರಸನ್ನಳ ಪ್ರಶ್ನೆಗೆ ಉತ್ತರ ತರಬೇಕಾಗಿತ್ತು. ವರ್ಷಾಳನ್ನೇ ಕೇಳಿದರೆ ಗುಟ್ಟು ಬಯಲಾಗುತ್ತದೆ. ಮುಂದಿನ ರಜೆಯ ಶನಿವಾರಕ್ಕೆ ಅವನು, ಬೆಳಿಗ್ಗೆ ವಿಜಯವಾಡ ಬಿಟ್ಟು ಮಧ್ಯಾಹ್ನ ತಲುಪುವ ರತ್ನಾಚಲ್‌ಗೆ ಬರುತ್ತೇನೆಂದು ಫೋನಿನಲ್ಲಿ ಹೇಳಿದ. ಹೊರಟದ್ದು ಶುಕ್ರವಾರ ರಾತ್ರಿಯ ಗಾಡಿಗೆ. ಬೆಳಕು ಬಿಡುವ ಹೊತ್ತಿಗೆ ಸ್ಟೇಷನ್ನಿನಿಂದ ಆಟೋದಲ್ಲಿ ನೇರ ಬೀಚ್ ರೋಡಿಗೆ ಬಂದ. ಆ ಹೊತ್ತಿನಲ್ಲಿ ಅಲ್ಲಿ ವಾಹನ ಬಿಡುವುದಿಲ್ಲವಾದ್ದರಿಂದ ಆಟೋದವನು ಅಡ್ಡಗಟ್ಟೆಯ ಹತ್ತಿರವೇ ಇಳಿಸಿದ. ಬೆನ್ನಿಗೆ ಚೀಲ ಹಾಕಿಕೊಂಡು ಅವನು ಸಬ್‌ಮರೀನ್ ಮ್ಯೂಸಿಯಮ್ಮಿನ ಹತ್ತಿರದ ಗೋಡೆಯ ಪಕ್ಕ, ಮೆಟ್ಟಿಲಿನ ಮರೆಯಲ್ಲಿ ಕೂತ. ಚೀಲದಲ್ಲಿ ಸ್ಟೀಲಿನ ಅಳತೆ ಟೇಪು ಇತ್ತು.

ಅವರಿಬ್ಬರೂ ಬಂದಾಗ ಮೊದಲು ಗುರುತು ಸಿಗಲಿಲ್ಲ. ಬೂಟು ಕಳಚಿ ಗೋಡೆಯ ಮೇಲಿಟ್ಟು, ನೀರಂಚಿನ ಗಟ್ಟಿ ಮರಳಿನಲ್ಲಿ ಬರಿಗಾಲಲ್ಲಿ ಓಡುತ್ತಿದ್ದರು. ನಿಶಾಂತ್ ಏನೋ ಹೇಳುತ್ತಿದ್ದ, ಅವಳು ಕೈಯೆತ್ತಿ ಅದನ್ನು ತಳ್ಳಿಹಾಕುತ್ತಿದ್ದಳು. ಅಲೆಯ ಸದ್ದಿನಲ್ಲಿ ಮಾತು ಕೇಳಲಿಲ್ಲ. ಆದರೆ ಅವಳು ಓಡುತ್ತಿದ್ದ ರೀತಿ ಕಂಡಿತು. ಎದೆ ಮುಂದೆ, ಜಡೆ ಒಂದೇ ಲಯದಲ್ಲಿ ಆ ಭುಜಕ್ಕೂ ಈ ಭುಜಕ್ಕೂ, ಕಾಲು ನೆಲಕ್ಕೆ ತಾಗುವುದಕ್ಕಿಂತ ಗಾಳಿಯಲ್ಲಿರುವುದೇ ಹೆಚ್ಚು. ಕರೆಯಬೇಕೆಂದು ಅವನಿಗೆ ಒಮ್ಮೆ ಅನ್ನಿಸಿತು. ಕರೆದರೆ ಅವಳು ನಿಲ್ಲುತ್ತಾಳೆ, ಮುಖ ಒರೆಸಿಕೊಳ್ಳುತ್ತಾಳೆ, ಅರೆ ಯಾವಾಗ ಬಂದ್ರಿ ಎಂದು ಮೈಸೂರಿನ ಕನ್ನಡದಲ್ಲಿ ಕೇಳುತ್ತಾಳೆ. ಅವನು ಕರೆಯಲಿಲ್ಲ.

ಅವರು ದೂರವಾದ ಮೇಲೆ ನೀರಂಚಿಗೆ ಇಳಿದ. ಎರಡು ಸಾಲು ಹೆಜ್ಜೆಗಳು ಪಕ್ಕಪಕ್ಕದಲ್ಲಿ ಒತ್ತಿದ್ದವು. ಚಿಕ್ಕ ಪಾದ ಅವಳದು. ಅವನು ಮಂಡಿಯೂರಿ ಟೇಪನ್ನು ಹಿಮ್ಮಡಿಯಿಂದ ಹಿಮ್ಮಡಿಗೆ ಎಳೆದ. ಸರಾಸರಿಗಾಗಿ ಮತ್ತೆ ಕೆಲವು ಜೊತೆ ಅಳೆದ. ಒಂದು ಮೀಟರಿಗೆ ತುಸು ಕಡಿಮೆ. ಪೇಟೆಯಲ್ಲಿ, ದೇವಸ್ಥಾನದಲ್ಲಿ, ಪ್ಲಾಟ್‌ಫಾರ್ಮಿನಲ್ಲಿ ತನ್ನ ಅರ್ಧ ಹೆಜ್ಜೆ ಹಿಂದೆ ಪುಟ್ಟಪುಟ್ಟ ಕಾಲಿಟ್ಟು ಬರುವವಳನ್ನು ನೋಡಿ ಅವನು ಊಹಿಸಿಕೊಂಡಿದ್ದು ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಬೇಡವೆಂದುಕೊಂಡರೂ ಪಕ್ಕದ ಸಾಲಿನ ಮೇಲೂ ಟೇಪು ಹಿಡಿದ. ನಿಶಾಂತನ ಹೆಜ್ಜೆಗೂ ಅವಳದಕ್ಕೂ ಎರಡು ಬೆರಳಿನಷ್ಟೂ ವ್ಯತ್ಯಾಸವಿರಲಿಲ್ಲ.

ಜೊತೆಯಲ್ಲಿ ಓಡಿ ಓಡಿ ಒಂದಾದ ಹೆಜ್ಜೆ ಎಂದು ಅವನು ಅರ್ಥ ಮಾಡಿಕೊಂಡ. ನಿಶಾಂತನಿಗಾಗಿ ಅವಳು ಕಾಲನ್ನು ಇಷ್ಟು ಚಾಚುತ್ತಾಳೆ. ಮಂಡಿಯ ಕೆಳಗೆ ಪ್ಯಾಂಟು ಒದ್ದೆಯಾಗಿತ್ತು. ವಾಕಿಂಗಿಗೆ ಬಂದ ಮುದುಕರೊಬ್ಬರು ಏನು ಕಳೆದುಕೊಂಡಿರಿ ಎಂದು ತೆಲುಗಿನಲ್ಲಿ ಕೇಳಿದರು. ಏನಿಲ್ಲವೆಂದು ಹೇಳಿ ಅವನು ಟೇಪನ್ನು ಒರೆಸಿ ಚೀಲಕ್ಕೆ ಹಾಕಿದ.

ಮಧ್ಯಾಹ್ನದವರೆಗೆ ಹೊತ್ತು ಕಳೆಯುವುದು ಕಷ್ಟವಾಯಿತು. ಒಂದು ಹೋಟೆಲಿನಲ್ಲಿ ಇಡ್ಲಿ, ಮತ್ತೊಂದರಲ್ಲಿ ಕಾಫಿ, ಆಮೇಲೆ ಸ್ಟೇಷನ್ನಿನ ವೇಟಿಂಗ್ ರೂಮು. ರತ್ನಾಚಲ್ ಬಂದ ಮೇಲೆ ಜನರ ಜೊತೆ ತಾನೂ ಹೊರಬಂದು ಮನೆಗೆ ಹೋದ. ಗಾಡಿ ಸರಿಯಾದ ಹೊತ್ತಿಗೆ ಬಂತಾ ಎಂದು ವರ್ಷಾ ಕೇಳಿದಳು. ಬಂತು ಎಂದ. ಅವನ ಬೂಟನ್ನು ಬಾಲ್ಕನಿಯಲ್ಲಿ ಕೊಡವಿದಾಗ ಮರಳು ಉದುರಿತು. ವಿಜಯವಾಡದಲ್ಲೂ ಎಷ್ಟು ಧೂಳು ಎಂದಷ್ಟೇ ಅಂದು ಅವಳು ಪೊರಕೆ ತಂದಳು.

ಸೋಮವಾರ ಸಂಜೆಯೇ ಅವನು ಅಂಗಡಿಗೆ ಹೋದ. ಅಳತೆ ಹೇಗೆ ಸಿಕ್ಕಿತೆಂದು ಲಕ್ಷ್ಮೀಪ್ರಸನ್ನ ಕೇಳಿದಾಗ, ಸಮುದ್ರದ ಮರಳಿನಲ್ಲಿ ಹೆಂಡತಿಯ ಹೆಜ್ಜೆಗುರುತು ಅಳೆದೆ ಎಂದು ಹೇಳಿಬಿಟ್ಟ. ಅವಳು ಕ್ಯಾಲ್ಕುಲೇಟರ್ ಕೆಳಗಿಟ್ಟಳು. ನನ್ನ ಗಂಡನಿಗೆ ನನ್ನ ಚಪ್ಪಲಿಯ ಸೈಜೂ ಗೊತ್ತಿಲ್ಲ ಸಾರ್ ಎಂದಳು. ಆ ಹೆಜ್ಜೆಗೆ ಅಂಗಡಿಯಲ್ಲಿದ್ದ ಅತಿ ಉದ್ದದ ಬೆಲ್ಟೇ ಬೇಕು, ಅದು ಇದ್ದದ್ದು ಅತಿ ದುಬಾರಿಯ ಯಂತ್ರದಲ್ಲಿ. ಅವನು ಚೌಕಾಸಿ ಮಾಡಲಿಲ್ಲ. ಆ ಯಂತ್ರಕ್ಕೆ ಮನೆಯ ವೈಫೈ ಕೊಟ್ಟರೆ ಮೇಡಂ ಯಾವಾಗ, ಎಷ್ಟು ಹೊತ್ತು ಓಡಿದರೆಂದು ನೀವು ವಿಜಯವಾಡದಲ್ಲೇ ಫೋನಿನಲ್ಲಿ ನೋಡಬಹುದು ಎಂದು ಅವಳು ತೋರಿಸಿದಾಗ, ಅವನು ಅದನ್ನು ಇನ್ನೊಂದು ಸಲ ತೋರಿಸಲು ಹೇಳಿದ.

ಮುಂದಿನ ರಜೆಯ ಶನಿವಾರ ಯಂತ್ರ ಬಂದು ಹಾಲ್‌ನಲ್ಲಿ, ದಿವಾನ ಇದ್ದ ಜಾಗದಲ್ಲಿ ಕೂತಿತು. ಅದನ್ನು ನೋಡಿ ವರ್ಷಾಳ ಮುಖ ಅರಳಿತು, ಅದರಲ್ಲಿ ನಟನೆ ಇರಲಿಲ್ಲ. ಇಷ್ಟು ದೊಡ್ಡದು ಯಾಕೆ ತಂದ್ರಿ, ನನಗೆ ಇಷ್ಟೆಲ್ಲ ಬೇಕಿತ್ತಾ ಎಂದು ಎರಡು ಮೂರು ಸಲ ಹೇಳಿದಳು. ಅವನು ಅದರ ಗುಂಡಿಗಳನ್ನು ಕ್ರಮವಾಗಿ ವಿವರಿಸಿ, ಕೆಂಪು ದಾರದ ಸುರಕ್ಷತಾ ಕೊಕ್ಕೆಯನ್ನು ಬಟ್ಟೆಗೆ ಸಿಕ್ಕಿಸಿಕೊಳ್ಳದೆ ಹತ್ತಬಾರದೆಂದು ತಾಕೀತು ಮಾಡಿದ. ಎಡವಿದರೆ ದಾರ ಕಿತ್ತು ಬಂದು ಬೆಲ್ಟು ತಕ್ಷಣ ನಿಲ್ಲುತ್ತದೆ. ಸಾಹಿತ್ಯ ಅದರ ಮೇಲೆ ನಿಧಾನಕ್ಕೆ ನಡೆದು ಇಳಿದು, ಇದು ಎಲ್ಲಿಗೂ ಹೋಗುವುದಿಲ್ಲವಲ್ಲ ನಾನ್ನಾ ಎಂದಳು. ವೈಫೈ ಜೋಡಿಸುವಾಗ ಅವನು ತನ್ನ ಫೋನಿನ ಸಂಖ್ಯೆಯನ್ನು ಹಾಕಿದ. ಅದನ್ನು ಮಾತ್ರ ವಿವರಿಸಲಿಲ್ಲ.

ಮೊದಲ ಒಂದು ವಾರ ವಿಜಯವಾಡದ ಬೆಳಗುಗಳು ಚೆನ್ನಾಗಿದ್ದವು. ಹಲ್ಲುಜ್ಜುವಾಗ ಫೋನು ನೋಡಿದರೆ ಹಸಿರು ಗೆರೆಯೊಂದು ಏರುತ್ತ ಇಳಿಯುತ್ತ ಹೋಗುತ್ತಿರುತ್ತಿತ್ತು. ಅವಳು ಮನೆಯಲ್ಲಿ, ತನ್ನ ಗೋಡೆಗಳ ನಡುವೆ, ತಾನು ಆರಿಸಿದ ಹಲಗೆಯ ಮೇಲೆ ಓಡುತ್ತಿದ್ದಾಳೆ. ಮೆಸ್ಸಿನ ಗೋಂಗೂರ ಪಚ್ಚಡಿಗೆ ಮತ್ತೊಂದು ಹಿಡಿ ಅನ್ನ ಹೆಚ್ಚಿಗೆ ಹಾಕಿಸಿಕೊಂಡ. ಎರಡನೆಯ ವಾರದ ನಡುವೆ ಒಂದು ಬೆಳಿಗ್ಗೆ ಗೆರೆ ಇರಲಿಲ್ಲ. ಮಾರನೆಯ ಬೆಳಿಗ್ಗೆಯೂ ಇರಲಿಲ್ಲ. ಅವನು ಫೋನನ್ನು ಆರಿಸಿ ಮತ್ತೆ ಹಚ್ಚಿದ. ಬ್ಯಾಂಕಿನಲ್ಲಿ ಕೂತು, ನೀರಂಚಿನಲ್ಲಿ ಎರಡು ಸಾಲು ಹೆಜ್ಜೆ ಬೀಳುತ್ತಿರುವುದನ್ನು ಕಂಡ. ಸಂಜೆ ಫೋನ್ ಮಾಡಿ, ಮಿಶಿನ್ ಸರಿಯಾಗಿ ನಡೀತಿದೆಯಾ ಎಂದು ಕೇಳಿದ. ನಡೀತಿದೆ ಎಂದಳು. ಇವತ್ತು ಓಡಿದೆಯಾ ಎಂದು ಕೇಳಿದ. ಓಡಿದೆ, ಬೀಚಿಗೆ ಹೋಗಿದ್ದೆ, ನಮ್ರತಾ ರೊಟ್ಟಿ ಕಳಿಸಿದ್ದಾಳೆ, ನಿಮಗೂ ಇಟ್ಟಿರುತ್ತೇನೆ ಎಂದಳು. ಅವಳು ಏನನ್ನೂ ಮುಚ್ಚಿಡಲಿಲ್ಲ. ಮುಚ್ಚಿಟ್ಟಿದ್ದರೆ ಅವನಿಗೆ ಒಂದು ಹಿಡಿತ ಸಿಗುತ್ತಿತ್ತು.

ನಾಲ್ಕನೆಯ ಶನಿವಾರ ಅವನು ನಿಜವಾಗಿಯೇ ಮಧ್ಯಾಹ್ನದ ಗಾಡಿಗೆ ಬಂದ. ಸಾಹಿತ್ಯ ಡ್ರಾಯಿಂಗ್ ಕ್ಲಾಸಿಗೆ ಹೋಗಿದ್ದಳು. ವರ್ಷಾ ಊಟ ಬಡಿಸಿ, ಎದುರಿಗೆ ಕೂತು, ಅವನು ಉಂಡು ಮುಗಿಸುವವರೆಗೆ ಕಾದಳು. ಆಮೇಲೆ ವಿಜಯವಾಡದ ಅಂಗಡಿಯಿಂದ ಫೋನ್ ಬಂದಿತ್ತೆಂದು ಹೇಳಿದಳು. ಬೆಲ್ಟಿಗೆ ಎಣ್ಣೆ ಹಾಕುವ ವಿಷಯ ನೆನಪಿಸಲು ಲಕ್ಷ್ಮೀಪ್ರಸನ್ನ ಎಂಬುವಳು ಮಾಡಿದ್ದಳು. ಎಣ್ಣೆಯ ಮಾತು ಬೇಗ ಮುಗಿಯಿತು. ಮೇಡಂಗಾರು, ನೀವು ಅದೃಷ್ಟವಂತರು, ಸಮುದ್ರದ ಮರಳಿನಲ್ಲಿ ನಿಮ್ಮ ಹೆಜ್ಜೆ ಅಳೆದು ತಂದರು ಸಾರ್, ಈಗ ಬರುವ ಗಿರಾಕಿಗಳಿಗೆಲ್ಲ ನಾನು ಇದೇ ಕತೆ ಹೇಳುತ್ತೇನೆ ಎಂದಳಂತೆ. ದೂರದಲ್ಲಿದ್ದರೂ ನಿಮ್ಮ ಓಟವನ್ನು ದಿನಾ ಫೋನಿನಲ್ಲಿ ನೋಡುತ್ತಾರಲ್ಲ ಎಂದೂ ಅಂದಳಂತೆ.

ವರ್ಷಾ ಇದನ್ನೆಲ್ಲ ಲ್ಯಾಬಿನ ವರದಿ ಓದುವವಳ ಹಾಗೆ ಹೇಳಿದಳು. ರಘುನಂದನ ತಟ್ಟೆಯಲ್ಲಿ ಕೈ ಒಣಗಿಸಿಕೊಂಡು ಕೂತಿದ್ದ.

“ಆ ಶನಿವಾರ ಮಧ್ಯಾಹ್ನದ ಟ್ರೇನಲ್ಲಿ ಬಂದೆ ಅಂದ್ರಿ ಅಲ್ವಾ?” ಎಂದು ಕೇಳಿದಳು.

“ನಿನಗೆ ಗೊತ್ತಾಗದ ಹಾಗೆ ಕೊಡೋಣ ಅಂತ, ಸರ್ಪ್ರೈಸು.”

“ನಮ್ಮನ್ನ ನೋಡಿದ್ರಾ?”

“ನೋಡಿದೆ.”

“ಕರೀಲಿಲ್ಲ ಯಾಕೆ?”

ಮೆಟ್ಟಿಲ ಹತ್ತಿರ ಗೋಡೆಯ ಪಕ್ಕ ಕೂತಿದ್ದೆ, ನೀವು ದೂರ ಹೋಗಿಬಿಟ್ಟಿರಿ ಎಂದೇನೋ ತೊದಲಿದ. ವರ್ಷಾ ಎದ್ದು ನಿಂತಳು. ಅವಳ ದನಿ ಏರಲಿಲ್ಲ. ಆದರೆ ಅದು ಬೇರೆ ಜಾಗದಿಂದ ಬಂತು.

“ಸರ್ಪ್ರೈಸ್ ಕೊಡಾಂವ ಗ್ವಾಡಿ ಹಿಂದ ಕುಂದ್ರತಾನೇನ್ರಿ? ಇಷ್ಟು ವರ್ಷದಾಗ ಒಂದ ದಿನಾ ಕೇಳಿಲ್ಲ ನೀವು, ವರ್ಷಾ ನೀ ಹೆಂಗ ಓಡ್ತಿ ಅಂತ. ಟೇಪ್ ತಗೊಂಡು ಮರಳಾಗ ಕುಂತ್ರಿ. ಏನ್ ಸಿಕ್ತು? ಹೇಳ್ರಿ, ಏನ್ ಸಿಕ್ತು ನಿಮಗ?”

ಇಬ್ಬರ ಹೆಜ್ಜೆಯೂ ಒಂದೇ ಇತ್ತು ಎಂದು ಅವನು ಹೇಳಿದ. ಹೇಳಬಾರದಿತ್ತು, ಆದರೆ ಇಪ್ಪತ್ತೆಂಟು ದಿನದಿಂದ ಒಳಗಿದ್ದದ್ದು ಅದೊಂದೇ ಆದ್ದರಿಂದ ಅದೇ ಹೊರಗೆ ಬಂತು.

ಆಗ ಅವಳಿಗೆ ಪೂರ್ತಿ ತಿಳಿಯಿತು. ಟ್ರೆಡ್‌ಮಿಲ್ ಯಾಕೆ, ಉದ್ದದ ಬೆಲ್ಟು ಯಾಕೆ, ಫೋನಿನ ಗೆರೆ ಯಾಕೆ.

“ನಮ್ಮ ಲ್ಯಾಬಿನ್ಯಾಗ ಒಂದ ಸ್ಯಾಂಪಲ್ ನೋಡಿ ರಿಪೋರ್ಟ್ ಬರದ್ರ ನೌಕರಿ ಉಳಿಯಂಗಿಲ್ಲ,” ಎಂದಳು. “ಅವನ ಕೂಡ ಓಡಿದ್ದು ಅಳದ್ರಿ. ನಾ ಒಬ್ಬಾಕಿನ ಓಡಿದ್ದು ಅಳದೀರೇನು? ನಿಮ್ಮ ಕೂಡ ನಡದದ್ದು ಅಳದೀರೇನು? ಎಂ.ಎಸ್ಸಿ. ಮಾಡಿದವ್ರು ನೀವು.”

ಅವಳು ಟ್ರೆಡ್‌ಮಿಲ್ಲಿನ ಹತ್ತಿರ ಹೋಗಿ, ದುಪಟ್ಟಾ ತೆಗೆದು ಕುರ್ಚಿಯ ಮೇಲೆ ಎಸೆದು, ಬರಿಗಾಲಲ್ಲೇ ಹತ್ತಿ ಗುಂಡಿ ಒತ್ತಿದಳು. “ನೋಡಬೇಕಾಗಿತ್ತಲ್ಲ. ಬರ್ರಿ, ಇಲ್ಲೆ ನಿಂತು ನೋಡ್ರಿ. ಕದ್ದು ನೋಡೂದು ಬ್ಯಾಡ.”

ಬೆಲ್ಟು ಸರಿಯತೊಡಗಿತು. ಅವಳು ಕೆಲವು ಹೆಜ್ಜೆ ನಡೆದು, ವೇಗ ಏರಿಸಿ, ಓಟಕ್ಕೆ ಬಿದ್ದಳು. ಬೀಚಿನಲ್ಲಿ ಕಂಡದ್ದೇ. ಎದೆ ಮುಂದೆ, ಜಡೆ ಆ ಭುಜಕ್ಕೂ ಈ ಭುಜಕ್ಕೂ, ಕಾಲು ಬೆಲ್ಟಿನ ತುದಿಯವರೆಗೆ ಚಾಚಿ ಉರುಳೆಗೆ ತಾಗದೆ ಮರಳುತ್ತಿತ್ತು. ಪಕ್ಕದಲ್ಲಿ ಯಾರೂ ಇರಲಿಲ್ಲ. ಸದ್ದಿಲ್ಲದ ಮೋಟಾರನ್ನು ಅವನು ಕೆಳಗಿನ ಮನೆಯವರನ್ನು ನೆನೆದು ಆರಿಸಿದ್ದ. ಈಗ ಅದರಿಂದಾಗಿ ಅವಳ ಒಂದೊಂದು ಮಾತೂ ಬಿಡಿಬಿಡಿಯಾಗಿ ಕೇಳುತ್ತಿತ್ತು.

“ಇದು ನನ್ನ ಹೆಜ್ಜಿ. ನಿಶಾಂತಂದಲ್ಲ. ಧಾರವಾಡದಾಗ ಕಾಲೇಜಿನ್ಯಾಗ ಇದ್ದಾಗಿಂದ ಹಿಂಗ ಐತಿ.” ಉಸಿರು ತೆಗೆದುಕೊಂಡಳು. “ನಿಮ್ಮ ಕೂಡ ನಡಿಯೂ ಮುಂದ ಸಣ್ಣದು ಮಾಡ್ಕೊಂಡೀನಿ. ಮದುವ್ಯಾದ ವರ್ಷ ಅತ್ತಿಯಾರು ಅಂದ್ರು, ಗಂಡಸರ ಗತೆ ದಾಪುಗಾಲು ಹಾಕಬ್ಯಾಡ ಅಂತ. ನೀವು ಅಲ್ಲೇ ಕುಂತು ನಕ್ರಿ. ಅಳೀಬೇಕಾದದ್ದು ಅದು. ಅದನ್ನ ಬಿಟ್ಟು ಇದನ್ನ ಅಳದ್ರಿ.”

ಅವನು ತಟ್ಟೆ ಬಿಟ್ಟು ಎದ್ದು ಬಂದು ಯಂತ್ರದ ಪಕ್ಕ ನಿಂತಿದ್ದ. ಎಂಜಲು ಕೈ ಹಾಗೆಯೇ ಇತ್ತು. ಕೆಂಪು ದಾರ ಅವಳ ಬಟ್ಟೆಗೆ ಸಿಕ್ಕಿರದೆ ಹಿಡಿಕೆಯಿಂದ ಜೋತು ಬಿದ್ದು ಅಲುಗುತ್ತಿತ್ತು. ಅವನು ಎಡಗೈಯಿಂದ ಅದನ್ನು ಹಿಡಿದು ಅವಳತ್ತ ಚಾಚಿದ. ಅವಳು ಓಟ ನಿಲ್ಲಿಸದೆ ಅದನ್ನು ಕಿತ್ತುಕೊಂಡು ಕುರ್ತಾದ ಅಂಚಿಗೆ ಸಿಕ್ಕಿಸಿದಳು.

“ಮತ್ತ ಆ ಫೋನಿನ್ಯಾಗಿನ ಗೆರಿ,” ಎಂದಳು. “ಅದನ್ನ ಇವತ್ತ ತೆಗೀರಿ. ನಾ ಏನ್ ಜೈಲಿನ್ಯಾಗ ಅದೀನೇನು?”

ಅವನು ಜೇಬಿನಿಂದ ಫೋನು ತೆಗೆದು ಅವಳ ಎದುರೇ ಆ ಆ್ಯಪನ್ನು ಅಳಿಸಿದ. ಅವಳು ಅದನ್ನು ಓಡುತ್ತಲೇ ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡಳು. ನಾಳೆ ಬೆಳಿಗ್ಗೆ ಬೀಚಿಗೆ ತಾನೂ ಬರಬಹುದೇ ಎಂದು ಅವನು ಕೇಳಿದ.

“ಬರ್ರಿ. ಬ್ಯಾಡ ಅಂದೋರು ಯಾರು? ಆದ್ರ ನಿಮ್ಮ ಸಲುವಾಗಿ ನಾ ಹೆಜ್ಜಿ ಸಣ್ಣ ಮಾಡಂಗಿಲ್ಲ. ಹಿಂದ ಬಿದ್ರ ಹಿಂದಿಂದ ಬರ್ರಿ.”

ಆಗಲಿ ಎಂದು ತಲೆಯಾಡಿಸಿದ. ಬಾಯಿ ತೆರೆದು ಹೇಳಲಿಲ್ಲ. ತಾನು ಧಾರವಾಡದ ಮಾತಿನಲ್ಲಿ ಬೈಯುತ್ತಿದ್ದೇನೆಂದು ಅವಳ ಗಮನಕ್ಕಿನ್ನೂ ಬಂದಿರಲಿಲ್ಲ. ತನ್ನ ಮೈಸೂರಿನ ಒಂದು ಮಾತು ಅವಳ ಕಿವಿಗೆ ಬಿದ್ದರೆ ಎಲ್ಲಿ ನೆನಪಾಗಿ ಬದಲಾಯಿಸಿಬಿಡುತ್ತಾಳೋ ಎಂದು ಅವನಿಗೆ ಅನ್ನಿಸಿತು. ಅಡುಗೆಮನೆಯ ಫೋನಿನಲ್ಲಿ, ಮುಚ್ಚಿದ ಬಾಗಿಲಿನ ಆಚೆ ಕೇಳಿದ್ದ ದನಿ ಈಗ ಎರಡು ಮೊಳ ದೂರದಲ್ಲಿ, ಅವನ ಮುಖಕ್ಕೇ ಹೇಳುತ್ತಿತ್ತು.

“ಏನ್ ಸುಮ್ನ ನಿಂತೀರಿ? ಹೋಗಿ ಕೈ ತೊಳಕೋರಿ,” ಎಂದಳು.

ಅವನು ಕದಲಲಿಲ್ಲ. ಅವಳು ಮತ್ತೆ ಶುರುಮಾಡಿದಳು. ಮಧ್ಯಾಹ್ನದ ಗಾಡಿಗೆ ಬಂದೆನೆಂದು ಸುಳ್ಳು ಹೇಳಿದ್ದು, ಬೂಟಿನ ಮರಳನ್ನು ತಾನು ಧೂಳೆಂದು ಗುಡಿಸಿದ್ದು, ಒಂದನ್ನೂ ಬಿಡಲಿಲ್ಲ. ಅವನು ಬೆರಳಿನಲ್ಲಿ ಒಣಗಿದ ಅನ್ನದ ಅಗುಳನ್ನು ಬಿಡಿಸುತ್ತ ಎಲ್ಲವನ್ನೂ ಕೇಳಿಸಿಕೊಂಡ. ಇದು ಬೇಗ ಮುಗಿಯದಿರಲಿ ಎಂದುಕೊಂಡ. ನಿಶಾಂತನಿಗೆ ಈ ದನಿ ದಿನಾ ಬೆಳಿಗ್ಗೆ, ಬೈಸಿಕೊಳ್ಳದೆ, ಪುಕ್ಕಟೆ ಸಿಗುತ್ತದಲ್ಲ ಎಂಬ ಕಿಚ್ಚು ಮಾತ್ರ ಆಗಲೂ ಅವನ ಹೊಟ್ಟೆಯಲ್ಲಿ ಹಾಗೆಯೇ ಇತ್ತು.